ಏನೂ ತಗೊಳ್ಳದೆ ಎಷ್ಟು ಹೊತ್ತು ಕೂರಬಹುದು?

2010ರ ಮಾರ್ಚ್ ತಿಂಗಳು. ಮಗ ಹುಟ್ಟಿ ಮೂರು ತಿಂಗಳಾಗಿತ್ತು. ಬಾಣಂತನಕ್ಕೆ ಅಂತ ತಿಪಟೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಅಮ್ಮನಿಗೆ ಕೈತುಂಬ ಕೆಲಸ. ಅಪ್ಪನಿಗೆ ಮಾತ್ರ ಹೊತ್ತು ಹೋಗ್ತಿರಲಿಲ್ಲ. ಮೂವತ್ತೆಂಟು ವರ್ಷ ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಕೂತು, ದಿನಕ್ಕೆ ನೂರು ಜನರ ಹತ್ತಿರ ಮಾತಾಡಿದ ಮನುಷ್ಯ, ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ನಿಂತು ಹಿಮ ನೋಡ್ತಾ, "ಇಲ್ಲಿ ಜನ ಎಲ್ಲಮ್ಮ ಇರ್ತಾರೆ?" ಅಂತ ಕೇಳಿದರು. ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಹೊರಗೆ ಮೈನಸ್ ಹನ್ನೆರಡು ಡಿಗ್ರಿ.

ಜನ ಎಲ್ಲಿರ್ತಾರೆ ಅಂತ ತೋರಿಸೋಕೆ, ಮಗುವನ್ನ ಅಮ್ಮನ ಹತ್ತಿರ ಬಿಟ್ಟು, ನಾಲ್ಕು ವರ್ಷದ ಮಗಳನ್ನೂ ಅಪ್ಪನನ್ನೂ ಕಾರಲ್ಲಿ ಕೂರಿಸಿಕೊಂಡು ಸೌತ್‌ಡೇಲ್‌ಗೆ ಹೋದೆ. ಮಿನಿಯಾಪೊಲಿಸ್‌ಗೆ ಅಂಟಿಕೊಂಡಿರುವ ಈಡೈನಾ ಅನ್ನೋ ಊರಲ್ಲಿರುವ ಮಾಲ್ ಅದು. ಅಪ್ಪ ಜಾಕೆಟ್ ಬಿಚ್ಚಿ ತೊಡೆ ಮೇಲಿಟ್ಟುಕೊಂಡು ನಡುಮಧ್ಯದ ಅಂಗಳದ ಬೆಂಚಿನ ಮೇಲೆ ಕೂತರು. ಮೇಲಿನಿಂದ ಬೆಳಕು ಬರ್ತಿತ್ತು. ಮಗಳು ಎಸ್ಕಲೇಟರ್ ಹತ್ತಬೇಕು, ಇಳೀಬೇಕು, ಮತ್ತೆ ಹತ್ತಬೇಕು ಅಂತ ನನ್ನ ಕೈ ಎಳೀತಿದ್ದಳು. ಅರ್ಧ ಗಂಟೆ ಬಿಟ್ಟು ವಾಪಸ್ ಬಂದಾಗ ಅಪ್ಪ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ.

"ಇಲ್ಲಿ ಏನೂ ತಗೊಳ್ಳದೆ ಎಷ್ಟು ಹೊತ್ತು ಕೂರಬಹುದಮ್ಮ?"

"ಎಷ್ಟು ಹೊತ್ತು ಬೇಕಾದ್ರೂ ಕೂರಬಹುದಪ್ಪ, ಯಾರೂ ಏನೂ ಅನ್ನಲ್ಲ" ಅಂದೆ. ಅಪ್ಪ ತಲೆ ಅಲ್ಲಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ. ಅಂಗಡಿ ನಡೆಸಿದವರಿಗೆ ಗೊತ್ತಿರತ್ತೆ, ಜಗಲಿಯ ಮೇಲೆ ಕೂತವರಿಗೆ ಬಾಡಿಗೆ ಇಲ್ಲ ಅಂದ್ರೆ ಆ ಬಾಡಿಗೆಯನ್ನ ಬೇರೆ ಯಾರೋ ಕಟ್ತಿದ್ದಾರೆ ಅಂತ.

ನಾವು ಕೂತಿದ್ದ ಅಂಗಳದ ಕಥೆ ನನಗೆ ಗೊತ್ತಾಗಿದ್ದು ಆಮೇಲೆ. ಮೇಲೆ ಸೂರು, ಸುತ್ತ ಗೋಡೆ, ಒಳಗೆ ಹವಾನಿಯಂತ್ರಣ, ಮಧ್ಯದಲ್ಲೊಂದು ಅಂಗಳ, ಎರಡು ಅಂತಸ್ತಿನಲ್ಲಿ ಅಂಗಡಿಗಳು ಅನ್ನೋ ಈ ಮಾದರಿ ಶುರುವಾಗಿದ್ದೇ ಅಲ್ಲಿ. ಬೆಂಗಳೂರಿನ ಕೋರಮಂಗಲದಲ್ಲಿ 2004ರಲ್ಲಿ ಫೋರಂ ಬಂದಾಗ ನಾವೆಲ್ಲ ಬೆರಗಾಗಿ ನೋಡಿದ್ದೆವಲ್ಲ, ಅದರ ಮುತ್ತಜ್ಜಿ ಈ ಸೌತ್‌ಡೇಲ್. ಬಾಗಿಲು ತೆಗೆದದ್ದು 1956ರ ಅಕ್ಟೋಬರ್ 8ರಂದು.

ಅದನ್ನ ಕಟ್ಟಿದ ಮನುಷ್ಯ ಕೂಡ ನಮ್ಮ ಹಾಗೇ ಹೊರಗಿನಿಂದ ಬಂದವನು. ವಿಕ್ಟರ್ ಗ್ರುಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದಾಗ ಅವನ ಹೆಸರು ಗ್ರ್ಯೂನ್‌ಬೌಮ್. ಯಹೂದಿ. ಹಗಲು ವಾಸ್ತುಶಿಲ್ಪ, ರಾತ್ರಿ ರಾಜಕೀಯದವರನ್ನ ಲೇವಡಿ ಮಾಡುವ ಸಣ್ಣ ನಾಟಕಗಳು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನ ನುಂಗಿದ ಮೇಲೆ ಅಲ್ಲಿಂದ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದ. ಮುಂದಿನ ವರ್ಷವೇ ಫಿಫ್ತ್ ಅವೆನ್ಯೂನಲ್ಲಿ ಒಂದು ಚರ್ಮದ ಸಾಮಾನಿನ ಅಂಗಡಿಗೆ ಮುಂಭಾಗ ವಿನ್ಯಾಸ ಮಾಡಿಕೊಟ್ಟ. ಬೀದಿಯಲ್ಲಿ ಹೋಗೋರು ನಿಂತು, ಒಂದು ಹೆಜ್ಜೆ ಒಳಗಿಟ್ಟು, ನೋಡ್ತಾ ನೋಡ್ತಾ ಅಂಗಡಿಯೊಳಗೇ ಬಂದುಬಿಡುವ ಹಾಗೆ. ಅಲ್ಲಿಂದ ಅವನ ಹೆಸರು ಓಡಿತು.

ಆದರೆ ಗ್ರುಯೆನ್‌ಗೆ ಅಮೆರಿಕದ ಹೊಸ ಬಡಾವಣೆಗಳನ್ನ ಕಂಡರೆ ಆಗ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ನಗರ ಬಿಟ್ಟು ಹೊರವಲಯಕ್ಕೆ ಗುಳೆ ಹೊರಟಿದ್ದರು. ಎಲ್ಲರದ್ದೂ ಒಂದೇ ಥರದ ಮನೆ, ಮುಂದೆ ಹುಲ್ಲು, ಪಕ್ಕದಲ್ಲಿ ಕಾರು. ಮನೆಯಿಂದ ಇಳಿದರೆ ನಡೆದು ಹೋಗೋಕೆ ಒಂದು ಜಾಗ ಇಲ್ಲ, ನಿಂತು ಮಾತಾಡೋಕೆ ಒಂದು ಕಟ್ಟೆ ಇಲ್ಲ. ಹೆಂಗಸರು ಹಗಲೆಲ್ಲ ಮಕ್ಕಳ ಜೊತೆ ಮನೆಯೊಳಗೇ. ಅವನ ತಲೆಯಲ್ಲಿದ್ದದ್ದು ಅವನ ವಿಯೆನ್ನಾ: ಕಾಫಿ ಮನೆಗಳು, ಚೌಕಗಳು, ಕಾರಣವಿಲ್ಲದೆ ಅಡ್ಡಾಡುವ ಜನ. ಮಿಲಾನಿನಲ್ಲಿರುವ ಗಾಜಿನ ಸೂರಿನ ಗ್ಯಾಲರಿಯೂ ಅವನ ಮನಸ್ಸಿನಲ್ಲಿತ್ತು. ಬಡಾವಣೆಯ ನಡುವೆ ಅಂಥದ್ದೊಂದು ಪೇಟೆ ಬೀದಿ ಕಟ್ಟಿಕೊಟ್ಟರೆ ಈ ಚದುರಿಹೋದ ಜನ ಮತ್ತೆ ಊರಾಗ್ತಾರೆ ಅನ್ನೋದು ಅವನ ಆಸೆ.

1954ರಲ್ಲಿ ಡೆಟ್ರಾಯಿಟ್ ಹತ್ತಿರ ನಾರ್ತ್‌ಲ್ಯಾಂಡ್ ಅನ್ನೋ ಬಯಲು ಮಾರುಕಟ್ಟೆ ಕಟ್ಟಿ ಗೆದ್ದ. ಅಷ್ಟರಲ್ಲಿ ಮಿನಿಯಾಪೊಲಿಸ್‌ನ ಡೇಟನ್ ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರಿನವರೂ ಅವನಿಗೆ ಕೆಲಸ ಒಪ್ಪಿಸಿದ್ದರು. ಇಲ್ಲಿ ಬಯಲು ಮಾರುಕಟ್ಟೆ ನಡೆಯೋ ಹಾಗಿರಲಿಲ್ಲ. ಚಳಿಗಾಲದಲ್ಲಿ ಮೂಗು ಉದುರಿ ಬೀಳೋ ಚಳಿ, ಬೇಸಿಗೆಯಲ್ಲಿ ಸೆಕೆ, ಸೊಳ್ಳೆ. ಅದಕ್ಕೇ ಗ್ರುಯೆನ್ ಎಲ್ಲಕ್ಕೂ ಸೂರು ಹಾಕಿದ. ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ. ಅಂಗಡಿಗಳ ಮುಖ ಬೀದಿ ಕಡೆಗಲ್ಲ, ಒಳಗಿನ ಅಂಗಳದ ಕಡೆಗೆ ತಿರುಗಿಸಿದ. ಹೊರಗಿನಿಂದ ನೋಡಿದರೆ ಬರೀ ಗೋಡೆ. ಅಂಗಳದಲ್ಲಿ ಗಿಡಗಳು, ಮೀನಿನ ಕೊಳ, ಎರಡಾಳೆತ್ತರಕ್ಕಿಂತ ದೊಡ್ಡದಾದ ಹಕ್ಕಿಗಳ ಪಂಜರ, ಹ್ಯಾರಿ ಬರ್ಟೋಯಾ ಮಾಡಿದ ಲೋಹದ ಚಿನ್ನದ ಬಣ್ಣದ ಮರಗಳು, ಒಂದು ಕಾಫಿ ಜಾಗ. ಮೊದಲ ದಿನ ಬಂದವರು 75,000 ಜನ. 72 ಅಂಗಡಿ, 5,200 ಕಾರು ನಿಲ್ಲಿಸೋಕೆ ಜಾಗ, ಖರ್ಚು 2 ಕೋಟಿ ಡಾಲರ್.

ಡೇಟನ್‌ನವರು ಇನ್ನೊಂದು ಕೆಲಸ ಮಾಡಿದರು. ತಮ್ಮ ಎದುರಾಳಿ ಡೊನಾಲ್ಡ್‌ಸನ್ ಅನ್ನೋ ದೊಡ್ಡ ಅಂಗಡಿಯನ್ನೂ ಅದೇ ಸೂರಿನಡಿ ಕರೆದರು. ಒಂದು ತುದಿಯಲ್ಲಿ ಇವರು, ಇನ್ನೊಂದು ಕಡೆ ಅವರು. ಮಧ್ಯೆ ಸಣ್ಣ ಅಂಗಡಿಗಳು. ಇದನ್ನ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ದೊಡ್ಡಂಗಡಿಯವರಿಗೆ ಬಾಡಿಗೆ ಕಮ್ಮಿ ಇರತ್ತೆ ನೋಡು, ಸಣ್ಣವರಿಗೇ ಜಾಸ್ತಿ" ಅಂದರು. ನಿಜವಾಗಿಯೂ ಮಾಲ್‌ಗಳ ಲೆಕ್ಕ ಹಾಗೇ. ಜನರನ್ನ ಎಳೆದು ತರುವ ದೊಡ್ಡ ಅಂಗಡಿಗೆ ಚದರ ಅಡಿಗೆ ಬಾಡಿಗೆ ತೀರಾ ಕಡಿಮೆ. ಆ ಜನ ಇಲ್ಲಿಂದ ಅಲ್ಲಿಗೆ ನಡೆಯುವಾಗ ದಾರಿಯಲ್ಲಿ ಸಿಗುವ ಸಣ್ಣ ಅಂಗಡಿಗಳು ಬಾಡಿಗೆಯನ್ನೂ ಕೊಡಬೇಕು, ಎಷ್ಟೋ ಕಡೆ ವ್ಯಾಪಾರದಲ್ಲಿ ಒಂದು ಪಾಲನ್ನೂ ಕೊಡಬೇಕು, ಅಂಗಳದ ದೀಪ, ಕಸಗುಡಿಸುವ ಖರ್ಚನ್ನೂ ಹಂಚಿಕೊಳ್ಳಬೇಕು. ಅಪ್ಪ ಕೂತಿದ್ದ ಬೆಂಚಿನ ಬಾಡಿಗೆ ಕಟ್ಟುತ್ತಿದ್ದವರು ಅವರೇ.

"ಜಾತ್ರೆ ಥರಾನೇ ಬಿಡು. ದೇವರು ಸುಂಕ ಕಟ್ತಾನಾ? ಜನ ಬರೋದು ಅವನ್ನ ನೋಡೋಕೆ. ಸುಂಕ ಕಟ್ಟೋದು ಬಳೆ ಮಾರೋನು, ಪುರಿ ಮಾರೋನು."

ಚಿಕ್ಕವರಿದ್ದಾಗ ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಅಪ್ಪ ನಮ್ಮನ್ನ ಕರ್ಕೊಂಡು ಹೋಗ್ತಿದ್ದರು. ದೇವರ ದರ್ಶನಕ್ಕಿಂತ ಎತ್ತುಗಳ ಸಾಲು, ಟವೆಲ್ ಕೆಳಗೆ ಬೆರಳು ಹಿಡಿದು ನಡೆಯೋ ವ್ಯಾಪಾರ, ಕಡ್ಲೆಪುರಿಯೇ ನಮಗೆ ಜಾಸ್ತಿ ನೆನಪು. ಏನೂ ತಗೊಳ್ಳದೆ ಇಡೀ ದಿನ ತಿರುಗಿ ಬರ್ತಿದ್ದೆವು. ಯಾರೂ ಏನೂ ಅಂತಿರಲಿಲ್ಲ.

ಮತ್ತೆ ಗ್ರುಯೆನ್ ಕಡೆಗೆ ಬರೋಣ. ಅವನ ನಕ್ಷೆಯಲ್ಲಿ ಸೌತ್‌ಡೇಲ್ ಅಂದ್ರೆ ಬರೀ ಅಂಗಡಿಗಳಲ್ಲ. ಡೇಟನ್‌ನವರು ಕೊಂಡಿದ್ದ ನಾನೂರ ಅರವತ್ತಕ್ಕೂ ಹೆಚ್ಚು ಎಕರೆಯಲ್ಲಿ ಮನೆಗಳು, ಅಪಾರ್ಟ್‌ಮೆಂಟ್, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ, ಎಲ್ಲ ಇರಬೇಕಿತ್ತು. ಮಾಲ್ ಅದರ ನಡುವಿನ ಪೇಟೆ ಅಷ್ಟೇ. ಕಟ್ಟಿದ್ದು ಮೊದಲು ಮಾಲನ್ನೇ. ಅದು ಓಡಿದ ಕೂಡಲೇ ಸುತ್ತಲಿನ ಜಮೀನಿಗೆ ಬೆಲೆ ಏರಿತು. ತುಂಡು ತುಂಡಾಗಿ ಮಾರಿ ದುಡ್ಡು ಮಾಡೋದು ಊರು ಕಟ್ಟೋದಕ್ಕಿಂತ ಸುಲಭ ಅಂತ ಗೊತ್ತಾಯ್ತು. ಅವನು ಕನಸು ಕಂಡ ಊರು ಕಾಗದದಲ್ಲೇ ಉಳೀತು. ಮಾಲಿನ ಸುತ್ತ ಬಂದದ್ದು ಪಾರ್ಕಿಂಗ್ ಬಯಲು.

ಅದೇ ವರ್ಷ ನವೆಂಬರಿನಲ್ಲಿ ನೋಡೋಕೆ ಬಂದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಸುತ್ತ ಒಮ್ಮೆ ಕಣ್ಣಾಡಿಸಿ, ಹಳ್ಳಿ ಬೀದಿಯ ತೊಂದರೆಗಳೆಲ್ಲ ಇಲ್ಲಿವೆ, ಅದರ ಸೊಗಸು ಮಾತ್ರ ಇಲ್ಲ ಅನ್ನೋ ಅರ್ಥದ ಮಾತು ಆಡಿ ಹೋದ.

ಆದರೂ ದೇಶದ ತುಂಬ ಮಾಲ್‌ಗಳು ಎದ್ದವು. ಅದಕ್ಕೆ ಜನರ ಆಸೆಯೊಂದೇ ಕಾರಣ ಅಲ್ಲ. 1954ರಲ್ಲಿ ಅಮೆರಿಕದ ತೆರಿಗೆ ಕಾನೂನು ಬದಲಾಗಿತ್ತು. ಹೊಸ ಕಟ್ಟಡ ಕಟ್ಟಿದರೆ ಅದರ ಸವಕಳಿಯನ್ನ ಮೊದಲ ಕೆಲವೇ ವರ್ಷಗಳಲ್ಲಿ ಹೆಚ್ಚು ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಬಹುದು ಅಂತ ಆಯ್ತು. ಹಳೇ ಪೇಟೆಯ ಕಟ್ಟಡ ರಿಪೇರಿ ಮಾಡೋದಕ್ಕಿಂತ ಖಾಲಿ ಹೊಲದಲ್ಲಿ ಹೊಸದು ಕಟ್ಟೋದೇ ಲಾಭ. 1956ರ ಜೂನಿನಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆಯೂ ಬಂತು. ಹೊಲದವರೆಗೂ ರಸ್ತೆ ಸರ್ಕಾರದ ಖರ್ಚಲ್ಲಿ. ಹಳೇ ಪೇಟೆಗಳು ಸೊರಗಿದವು. ಮಿನಿಯಾಪೊಲಿಸ್ ಪೇಟೆಯವರು 1962ರಿಂದ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳನ್ನ ಕಟ್ಟಿ, ನಮ್ಮಲ್ಲೂ ಚಳಿ ತಾಕದ ಹಾಗೆ ತಿರುಗಾಡಬಹುದು ಬನ್ನಿ ಅಂತ ಕರೀಬೇಕಾಯ್ತು. ಅದೇ 1962ರಲ್ಲಿ ಡೇಟನ್‌ನವರು ರೋಸ್‌ವಿಲ್‌ನಲ್ಲಿ ಇನ್ನೊಂದು ಬಗೆಯ ಅಂಗಡಿ ತೆಗೆದರು. ಅದರ ಹೆಸರು ಟಾರ್ಗೆಟ್. ನಾವು ಡಯಾಪರ್ ತಗೊಳ್ಳೋಕೆ ವಾರಕ್ಕೊಮ್ಮೆ ಓಡುವ ಟಾರ್ಗೆಟ್ ಅದೇ.

ಗ್ರುಯೆನ್ 1968ರಲ್ಲಿ ಬೇಸತ್ತು ವಿಯೆನ್ನಾಕ್ಕೇ ವಾಪಸ್ ಹೋದ. ಹೋದರೆ ಅಲ್ಲೇನಾಯ್ತು ಗೊತ್ತಾ? 1976ರಲ್ಲಿ ವಿಯೆನ್ನಾದ ದಕ್ಷಿಣಕ್ಕೆ ಒಂದು ದೈತ್ಯ ಮಾಲ್ ತೆರೆಯಿತು. 1978ರಲ್ಲಿ ಲಂಡನ್ನಿನಲ್ಲಿ ಮಾತಾಡ್ತಾ, ಈ ಅಕ್ರಮ ಸಂತಾನಕ್ಕೆಲ್ಲ ನಾನು ಜೀವನಾಂಶ ಕೊಡೋನಲ್ಲ ಅಂತ ಸಿಟ್ಟಿನಿಂದ ಕೈ ತೊಳೆದುಕೊಂಡ. ಎರಡು ವರ್ಷಕ್ಕೆ ತೀರಿಹೋದ. ಬಿಟ್ಟುಬಂದ ಊರನ್ನ ಬೇರೆ ಊರಲ್ಲಿ ಕಟ್ಟಿಕೊಳ್ಳೋಕೆ ಹೋದವನ ಕಥೆ ಇದು. ಅನಿವಾಸಿಗಳಾದ ನಮಗೆ ಇದನ್ನ ಓದಿದರೆ ಒಳಗೆಲ್ಲೋ ಚುರುಕ್ ಅನ್ನತ್ತೆ.

ಆದರೆ ಗ್ರುಯೆನ್ ಪೂರ್ತಿ ಸೋತ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಕಾರಣ 2005ರ ಚಳಿಗಾಲ. ಆಗ ಮಗಳು ಎರಡು ತಿಂಗಳ ಕೂಸು. ಆ ಸಲ ಊರಿಂದ ಬಂದಿದ್ದ ಅತ್ತೆ ವಾಪಸ್ ಹೋಗಿದ್ದರು. ಯಜಮಾನರು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರೋರು. ನಾಲ್ಕೂವರೆಗೆ ಕತ್ತಲೆ. ದಿನಾ ಅಳ್ತಿದ್ದೆ. ಆಗ ನಮ್ಮ ಕಟ್ಟಡದ ಒಬ್ಬ ಅಜ್ಜಿ, ಮಾಲಿಗೆ ಹೋಗಿ ನಡಿ, ಅಂಗಡಿ ತೆಗೆಯೋಕೆ ಮುಂಚೇನೇ ಬಾಗಿಲು ತೆಗೆದಿರತ್ತೆ ಅಂದರು. ಹೋದೆ. ಶಟರ್ ಎಳೆದ ಅಂಗಡಿಗಳ ಮುಂದೆ ಬಿಳಿ ಕೂದಲಿನ ಅಜ್ಜ ಅಜ್ಜಿಯರು ಸ್ನೀಕರ್ಸ್ ಹಾಕ್ಕೊಂಡು ಸುತ್ತು ಹಾಕ್ತಿದ್ದರು. ಸ್ಟ್ರಾಲರ್ ತಳ್ತಾ ನಾನೂ ಸೇರಿಕೊಂಡೆ. ಮೂರನೇ ದಿನಕ್ಕೆ ಅವರೆಲ್ಲ ಕೈ ಎತ್ತಿ ನಗೋಕೆ ಶುರು ಮಾಡಿದರು. ಎರಡನೇ ವಾರ ಮಕ್ಕಳ ಆಟದ ಮೂಲೆಯ ಹತ್ತಿರ ಹಿಂದಿನಿಂದ ಒಂದು ದನಿ ಕೇಳಿಸ್ತು: "ಏ ಬ್ಯಾಡಲೇ, ಬಾಯಾಗ್ ಹಾಕ್ಕೋಬ್ಯಾಡ ಅದನ್ನ!" ತಿರುಗಿ ನೋಡುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ದಾವಣಗೆರೆಯವರು. ಅವತ್ತು ಇಬ್ಬರೂ ಮೂರು ಗಂಟೆ ಬೆಂಚಿನ ಮೇಲೆ ಕೂತು ಮಾತಾಡಿದೆವು. ಏನೂ ತಗೊಳ್ಳಲಿಲ್ಲ. ಗ್ರುಯೆನ್ ಕನಸು ಕಂಡದ್ದು ಬಹುಶಃ ಇದನ್ನೇ ಇರಬೇಕು.

ನಮ್ಮ ಮಕ್ಕಳು ಬೆಳೆದದ್ದು ಮಾತ್ರ ಇನ್ನೊಂದು ಮಾಲಿನಲ್ಲಿ. ಬ್ಲೂಮಿಂಗ್ಟನ್‌ನಲ್ಲಿರುವ ಮಾಲ್ ಆಫ್ ಅಮೆರಿಕ. ಕೆನಡಾದ ಎಡ್ಮಂಟನ್‌ನಲ್ಲಿ ಮಾಲಿನೊಳಗೆ ಜಾರುಬಂಡೆ, ಈಜುಕೊಳ ಎಲ್ಲ ತುಂಬಿಸಿದ್ದ ಘರ್ಮೆಜಿಯನ್ ಸೋದರರು ಇಲ್ಲಿಗೆ ಬಂದು ಕಟ್ಟಿದ್ದು. ಅವರೂ ಇರಾನಿನಿಂದ ವಲಸೆ ಬಂದ ಮನೆತನದವರು. 1992ರ ಆಗಸ್ಟ್ 11ರಂದು ತೆರೆಯಿತು. ಮಧ್ಯದಲ್ಲಿ ಅಂಗಳದ ಬದಲು ಇಡೀ ಒಂದು ಅಮ್ಯೂಸ್‌ಮೆಂಟ್ ಪಾರ್ಕ್. ಮೊದಲು ಸ್ನೂಪಿಯ ಹೆಸರಲ್ಲಿತ್ತು, 2008ರಿಂದ ನಿಕಲೋಡಿಯನ್ ಹೆಸರಲ್ಲಿದೆ. ಇಷ್ಟು ಚಳಿಯ ಊರಿನಲ್ಲೂ ಅದರ ನಡಿಗೆಯ ಜಾಗಗಳಿಗೆ ಬೇರೆ ಹೀಟರ್ ವ್ಯವಸ್ಥೆ ಇಲ್ಲ. ಗಾಜಿನ ಸೂರಿನಿಂದ ಬರೋ ಬಿಸಿಲು, ದೀಪಗಳ ಕಾವು, ಜೊತೆಗೆ ಜನರ ಮೈಯ ಬಿಸಿ, ಅಷ್ಟರಲ್ಲೇ ಒಳಗೆ ಬೆಚ್ಚಗಿರತ್ತೆ. ಮಿನ್ನೆಸೋಟದಲ್ಲಿ ಬಟ್ಟೆಗೂ ಚಪ್ಪಲಿಗೂ ಮಾರಾಟ ತೆರಿಗೆ ಇಲ್ಲ. ಊರಿಂದ ಯಾರೇ ಬರಲಿ, ಪಾರ್ಕಿಂಗ್ ಫ್ರೀ ಇರೋ ಈ ಜಾಗ ತೋರಿಸದೆ ಕಳಿಸೋ ಹಾಗಿಲ್ಲ.

ಮಾಲ್ ನಿಂತ ಆ ಜಾಗದಲ್ಲಿ ಮುಂಚೆ ಮೆಟ್ರೋಪಾಲಿಟನ್ ಸ್ಟೇಡಿಯಂ ಇತ್ತು. ಅದು ತೆರೆದದ್ದೂ 1956ರಲ್ಲೇ. ಬೇಸ್‌ಬಾಲ್, ಫುಟ್‌ಬಾಲ್ ಎರಡೂ 1981ರವರೆಗೆ ಅಲ್ಲೇ ಆಡುತ್ತಿದ್ದರು. ಪಾರ್ಕಿನ ನೆಲದ ಒಂದು ಮೂಲೆಯಲ್ಲಿ ಹೋಮ್ ಪ್ಲೇಟ್ ಇದ್ದ ಜಾಗಕ್ಕೆ ಒಂದು ಗುರುತಿನ ಫಲಕ ಹಾಕಿದ್ದಾರೆ. ಅಲ್ಲಿ ನಿಂತು ಎದುರಿನ ಗೋಡೆ ನೋಡಿದರೆ ತುಂಬ ಮೇಲೆ ಒಂದೇ ಒಂದು ಕೆಂಪು ಕುರ್ಚಿ ತೂಗಿಹಾಕಿದೆ. 1967ರಲ್ಲಿ ಹಾರ್ಮನ್ ಕಿಲ್ಲೆಬ್ರೂ ಹೊಡೆದ ಚೆಂಡು 520 ಅಡಿ ದೂರ ಹೋಗಿ ಬಿದ್ದ ಜಾಗ ಅದು. ನನ್ನ ಮಗ ಅಲ್ಲಿಗೆ ಹೋದಾಗಲೆಲ್ಲ ಇಲ್ಲದ ಬ್ಯಾಟು ಹಿಡಿದು ಒಂದು ಹೊಡೆತ ಹೊಡೀತಾನೆ. ನಮ್ಮ ಮಕ್ಕಳಿಗೆ ಈ ಊರಿನ ಇತಿಹಾಸ ಅಂತ ಮೊದಲು ಕೈಗೆ ಸಿಕ್ಕಿದ್ದೇ ಆ ಕುರ್ಚಿ, ಆ ಫಲಕ.

2016ರ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆವು. ಅಪ್ಪ ಅಂಗಡಿ ಮುಚ್ಚಿ ಮೂರು ವರ್ಷ ಆಗಿತ್ತು. ಮೊಮ್ಮಗನ ಕೈ ಹಿಡ್ಕೊಂಡು ಸಂತೆಗೆ ಹೊರಟರು, ನಾನೂ ಜೊತೆಗೆ ಹೋದೆ. ಹಸಿಮೆಣಸಿನಕಾಯಿ ರಾಶಿ, ಪ್ಲಾಸ್ಟಿಕ್ ಕೊಡ, ಕುಡುಗೋಲು, ಬಾಳೆಗೊನೆ. ಆರು ವರ್ಷದ ಹುಡುಗ ಕಣ್ಣು ಬಿಟ್ಕೊಂಡು ನೋಡ್ತಾ ನೋಡ್ತಾ ಕೇಳಿದ, "ತಾತ, ಇದರ ಬಾಗಿಲು ಎಲ್ಲಿದೆ?"

ಅಪ್ಪನಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಜೋರಾಗಿ ನಕ್ಕರು. "ಸಂತೆಗೆ ಎಲ್ಲಿಯ ಬಾಗಿಲೋ ಮರಿ! ಯಾವ ಕಡೆಯಿಂದಾದ್ರೂ ಬಾ, ಯಾವ ಕಡೆಯಿಂದಾದ್ರೂ ಹೋಗು." ನಾನು ನಗಲಿಲ್ಲ. ಇವನಿಗೆ ಜನ ಸೇರುವ ಜಾಗ ಅಂದ್ರೆ ಬಾಗಿಲಿರುವ ಜಾಗ, ಯಾರೋ ತೆಗೆದು ಯಾರೋ ಮುಚ್ಚುವ ಜಾಗ ಅಂತ ನಾವೇ ಕಲಿಸಿಬಿಟ್ಟಿದ್ದೆವಲ್ಲ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬಾಗಿಲಿದ್ದ ಮೇಲೆ ಅದಕ್ಕೊಬ್ಬ ಯಜಮಾನ ಇರ್ತಾನೆ. 1996ರಲ್ಲಿ ಮಾಲ್ ಆಫ್ ಅಮೆರಿಕದವರು ಒಂದು ನಿಯಮ ತಂದರು. ಶುಕ್ರವಾರ, ಶನಿವಾರ ಸಂಜೆ ಹದಿನಾರು ತುಂಬದ ಮಕ್ಕಳು ಬರಬೇಕಾದ್ರೆ ಜೊತೆಗೆ ಇಪ್ಪತ್ತೊಂದು ದಾಟಿದ ದೊಡ್ಡವರು ಇರಬೇಕು. ಹುಡುಗರ ಗುಂಪು ಗಲಾಟೆಗಳೇ ಕಾರಣ ಅಂತ ಅವರು ಹೇಳಿದರು. ಕಪ್ಪು ಹುಡುಗರನ್ನ ಹೊರಗಿಡೋ ಉಪಾಯ ಅಂತ ಎಷ್ಟೋ ಜನ ಪ್ರತಿಭಟಿಸಿದರು. ಅದೇ ವರ್ಷ ತುಪ್ಪಳದ ಬಟ್ಟೆ ಮಾರೋದರ ವಿರುದ್ಧ ಮಾಲಿನೊಳಗೆ ಫಲಕ ಹಿಡಿದು ನಿಂತವರನ್ನ ಅತಿಕ್ರಮ ಪ್ರವೇಶ ಅಂತ ಬಂಧಿಸಿದರು. ಕೇಸು ಮಿನ್ನೆಸೋಟದ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಕಟ್ಟೋಕೆ ಸಾರ್ವಜನಿಕರ ದುಡ್ಡಿನ ನೆರವೂ ಇತ್ತು, ಎಲ್ಲರನ್ನೂ ಬನ್ನಿ ಅಂತ ಕರೀತಾರೆ, ಹಾಗಿದ್ದ ಮೇಲೆ ಇದು ಊರ ಚಾವಡಿ ಇದ್ದ ಹಾಗೆ ಅಲ್ವಾ ಅನ್ನೋದು ವಾದ. 1999ರಲ್ಲಿ ಕೋರ್ಟು ಒಪ್ಪಲಿಲ್ಲ. ಇದು ಖಾಸಗಿ ಸ್ವತ್ತು, ರಾಜ್ಯದ ಸಂವಿಧಾನ ಕೊಡುವ ಮಾತಿನ ಸ್ವಾತಂತ್ರ್ಯ ಇಲ್ಲಿ ನಡೆಯಲ್ಲ ಅಂದಿತು.

ಅಪ್ಪನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಎಷ್ಟು ಹೊತ್ತು ಬೇಕಾದ್ರೂ ಕೂರಬಹುದು, ಯಜಮಾನರಿಗೆ ಬೇಡ ಅನ್ನಿಸೋವರೆಗೆ.

ಈಗ ಸೌತ್‌ಡೇಲ್‌ನಲ್ಲಿ ಶಟರ್ ಎಳೆದ ಅಂಗಡಿಗಳು ಹಗಲಲ್ಲೂ ಕಾಣ್ತವೆ. ಪಾರ್ಕಿಂಗ್ ಬಯಲಿನ ಒಂದು ಮೂಲೆಯಲ್ಲಿ 2014ರಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಒಂದು ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಕಡೆ 2019ರ ಕೊನೆಗೆ ದೊಡ್ಡ ಜಿಮ್ ಬಂತು. ಅರವತ್ತು ವರ್ಷದ ಮೇಲೆ, ವ್ಯಾಪಾರ ಬಿದ್ದುಹೋದ ಮೇಲೆ, ಗ್ರುಯೆನ್ ನಕ್ಷೆಯಲ್ಲಿದ್ದ ಮನೆಗಳು ಒಂದೊಂದಾಗಿ ಬರ್ತಿವೆ.

ಮೊನ್ನೆ ಶುಕ್ರವಾರ ಮಗಳು, "ಫ್ರೆಂಡ್ಸ್ ಎಲ್ಲ ಮಾಲ್ ಆಫ್ ಅಮೆರಿಕಗೆ ಹೋಗ್ತಿದ್ದಾರೆ, ನಾನೂ ಹೋಗ್ಲಾ ಅಮ್ಮ?" ಅಂದಳು. ಅವಳಿಗೀಗ ಹದಿನಾಲ್ಕು. ನಿಯಮದ ಪ್ರಕಾರ ದೊಡ್ಡವರೊಬ್ಬರು ಬೇಕು. ಆ ನಾಲ್ಕು ಹುಡುಗಿಯರ ಅಮ್ಮಂದಿರಲ್ಲಿ ಬಿಡುವಿದ್ದದ್ದು ನನಗೇ. "ನೀನು ಬಾ, ಆದ್ರೆ ನಮ್ಮ ಜೊತೆ ಕೂರಬೇಡ" ಅನ್ನೋ ಕರಾರಿನ ಮೇಲೆ ಹೋದೆ. ಫುಡ್ ಕೋರ್ಟಿನಲ್ಲಿ ಅವರಿಂದ ಮೂರು ಟೇಬಲ್ ಆಚೆ ಕೂತೆ. ಸುಮ್ಮನೆ ಕೂರೋಕೆ ಯಾಕೋ ಮುಜುಗರ ಆಯ್ತು. ಎದ್ದು ಹೋಗಿ ಒಂದು ಕಾಫಿ ತಂದಿಟ್ಟುಕೊಂಡೆ. ಅಲ್ಲಿಂದ ನೋಡಿದರೆ ನಾಲ್ಕೂ ಹುಡುಗಿಯರು ಒಂದೇ ಪ್ಲೇಟ್ ಫ್ರೈಸ್ ಮಧ್ಯಕ್ಕಿಟ್ಟುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗ್ತಿದ್ದರು. ಎರಡು ಗಂಟೆ ಹಾಗೇ ಕೂತಿದ್ದರು. ಆ ಒಂದು ಪ್ಲೇಟ್ ಬಿಟ್ಟು ಬೇರೇನೂ ತಗೊಳ್ಳಲಿಲ್ಲ.

ಊರಲ್ಲಿ ಶನಿವಾರ ಬೆಳಗಾಗಿತ್ತು. ಅಪ್ಪನಿಗೆ ಫೋನ್ ಮಾಡಿ, ಹೀಗೆ ಕೂತಿದ್ದೀನಿ ಅಂತ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಕಾಫಿಗೆ ಎಷ್ಟು ಕೊಟ್ಟೆ?" ಅಂದರು.

"ಮೂರೂಕಾಲು ಡಾಲರಪ್ಪ."

ಒಂದು ಕ್ಷಣ ಮನಸ್ಸಲ್ಲೇ ಲೆಕ್ಕ ಹಾಕಿದರು. "ಐದು ಜನಕ್ಕೆ ಎರಡು ಗಂಟೆ. ಬಾಡಿಗೆ ಕಮ್ಮಿನೇ ಆಯ್ತು ಬಿಡಮ್ಮ."